ಕಾಲರಿನ ಹಿಂದಿನ ಗುರುತು

ಬೀದಿಗೆಲ್ಲ ಆಕೆ ದೊಡ್ಡತ್ತೆ. ಅರವತ್ತೆಂಟರ ವಯಸ್ಸು, ಅದರಲ್ಲಿ ಐವತ್ತಾರು ವರ್ಷ ಹೊಲಿಗೆಯಲ್ಲೇ ಕಳೆದಿದ್ದಾಳೆ. ಸೂಜಿಗೆ ದಾರ ಪೋಣಿಸಲು ಇವತ್ತಿಗೂ ಕನ್ನಡಕ ಬೇಡ. ತಮ್ಮನ ಮಾತನ್ನು ನುಂಗಿಕೊಳ್ಳುವ ವಿದ್ಯೆಯೊಂದು ಮಾತ್ರ ಆಕೆಗೆ ಇನ್ನೂ ಕೈಹತ್ತಿಲ್ಲ.

ಈ ಸಲದ ಜಗಳ ಬೋರ್ಡಿನದು. ಅಕ್ಕ ತಮ್ಮ ನಡೆಸುವ ಹೊಲಿಗೆ ಅಂಗಡಿಯ ಹಳೆಯ ಬೋರ್ಡು ಗಾಳಿಗೆ ಬಿದ್ದು ಎರಡು ಹೋಳಾಗಿತ್ತು. ಹೊಸದರಲ್ಲಿ ಅಂಗಡಿ ಶುರುಮಾಡಿದ ಮೂಲಜ್ಜನನ್ನು ನೆನೆಯಬೇಕೆಂದು ತಮ್ಮ. ಶುರುಮಾಡಿದ್ದು ಮೂಲಜ್ಜಿ, ತನ್ನ ಅಜ್ಜಿ ಸಾಯುವ ತನಕ ಹಾಗೇ ಹೇಳುತ್ತಿದ್ದಳು ಎಂದು ಅಕ್ಕ. ಇಬ್ಬರಿಗೂ ಆ ದಂಪತಿಯ ಹೆಸರು ಗೊತ್ತಿಲ್ಲ. ಹಾಗೆಂದು ಯಾರೂ ಸೋಲುವವರಲ್ಲ. ಮನೆಯಲ್ಲಿ ಉಳಿದಿದ್ದು ಅವರ ಮದುವೆಗೆ ಉಡುಗೊರೆ ಬಂದಿದ್ದ ಒಂದು ಕತ್ತರಿ, ಅದರ ಮೇಲೆ ಕೆತ್ತಿದ ಮದುವೆಯ ವರ್ಷ. ಶನಿವಾರ ಬೋರ್ಡು ಬರೆಯುವವನು ಬರುತ್ತಾನೆ, ಅಷ್ಟರೊಳಗೆ ಕಾಗದದಲ್ಲಿ ತೋರಿಸು, ಇಲ್ಲದಿದ್ದರೆ ಅಜ್ಜನೇ ಗಟ್ಟಿ ಎಂದು ತಮ್ಮ ಗಡುವು ಕೊಟ್ಟ.

ದೊಡ್ಡತ್ತೆ ಬುಧವಾರ ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಚರ್ಚಿಗೆ ಹೋದಳು. ಹೊರದೇಶದ ಹಡಗುಗಳು ದಡ ಹತ್ತಿದ ಹೊಸತರಲ್ಲಿ ಕಟ್ಟಿದ ಚರ್ಚು ಅದು. ಅಂದಿನ ಮದುವೆಗಳ ದಫ್ತರಗಳು ಹಿಂದಿನ ಕೋಣೆಯಲ್ಲಿ, ಊರವರು ಕಡತದಮ್ಮ ಎಂದು ಕರೆಯುವ ಹೆಂಗಸಿನ ಕಾವಲಿನಲ್ಲಿದ್ದವು. ದಫ್ತರಗಳಲ್ಲಿದ್ದ ಹಳೆಯ ಪರಭಾಷೆಯನ್ನು ಓದಬಲ್ಲವಳು ಊರಿಗೆಲ್ಲ ಈ ಕಡತದಮ್ಮ ಒಬ್ಬಳೇ, ಅದರ ಗತ್ತೂ ಅವಳಿಗಿತ್ತು. ಕೈ ತೊಳೆಸಿದಳು, ಪೆನ್ನು ಕಿತ್ತಿಟ್ಟಳು. ದೊಡ್ಡತ್ತೆ ರೂಢಿಯಂತೆ ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಲು ಹೋದಾಗ ಕಳ್ಳಿಯನ್ನು ಹಿಡಿದಂತೆ ಮಣಿಕಟ್ಟು ಹಿಡಿದಳು.

ಕತ್ತರಿಯ ವರ್ಷದಲ್ಲಿ ಹನ್ನೊಂದು ಮದುವೆಗಳಾಗಿದ್ದವು. ತಮಾಷೆ ಏನೆಂದರೆ, ಹನ್ನೊಂದು ಮದುವಣಗಿತ್ತಿಯರಿಗೂ ಒಂದೇ ಹೆಸರು. ಮದುವೆಯ ಹಿಂದಿನ ದಿನ ಊರಿನ ಹುಡುಗಿಯರಿಗೆ ನೀರು ಚಿಮುಕಿಸಿ ಹೊಸ ಹೆಸರಿಡುತ್ತಿದ್ದ ಆ ಪಾದ್ರಿಗೆ ವರ್ಷಕ್ಕೊಂದೇ ಹೆಸರು ಹೊಳೆಯುತ್ತಿತ್ತೆಂದು ಕಾಣುತ್ತದೆ. ಅವರ ಹಳೆಯ ಹೆಸರಾಗಲಿ, ಅಪ್ಪ ಅಮ್ಮ ಯಾರೆಂದಾಗಲಿ ಬರೆಯುವಷ್ಟು ಪುರುಸೊತ್ತು ಪುಣ್ಯಾತ್ಮನಿಗೆ ಇರಲಿಲ್ಲ. ಎರಡು ದಿನ ಇಬ್ಬರೂ ಕೂತು ಆ ಹೆಸರಿನ ಸುತ್ತಲೇ ಗಿರಕಿ ಹೊಡೆದರು.

ಶುಕ್ರವಾರ ಕಡತದಮ್ಮ ಕೈಚೆಲ್ಲಿದಳು. ದೊಡ್ಡತ್ತೆಗೆ ಮನಸ್ಸೊಪ್ಪಲಿಲ್ಲ. ತಮ್ಮ ಗೆಲ್ಲುತ್ತಾನೆಂದಲ್ಲ, ಅಜ್ಜಿಯ ಮಾತು ಸುಳ್ಳಾಗಿ ಹೋಗುತ್ತದಲ್ಲ ಎಂದು. ಕೊನೆಯ ಸಲ ಹಾಳೆ ತಿರುವಿ ಎಂದು ಕೇಳಿಕೊಂಡಳು. ಅಕ್ಷರ ಹೇಗೂ ತಿಳಿಯದು. ಬಟ್ಟೆ ಬಿಟ್ಟು ಹೊಲಿಗೆಯನ್ನಷ್ಟೇ ನೋಡುವ ತನ್ನ ಕಣ್ಣಿನಿಂದ ನೋಡಿದಳು. ಪ್ರತಿ ಮದುವೆಯ ಕೆಳಗೆ, ರುಜು ಬಾರದವರು ಹಾಕಿದ ಗೀಟುಗಳಿದ್ದವು. ಹೆಚ್ಚಿನವು ಬರೀ ಅಡ್ಡ ಗೀಟು, ಉದ್ದ ಗೀಟು.

ಏಳನೆಯ ಮದುವೆಯ ಕೆಳಗೆ ಹಾಗಿರಲಿಲ್ಲ. ಓರೆಯಾದ ಒಂದು ಉದ್ದ ಗೀಟು, ಅದನ್ನು ದಾಟುವ ಮೂರು ಚಿಕ್ಕ ಗೀಟು. ಎರಡು ಬಲಕ್ಕೆ ವಾಲಿದ್ದವು, ಮೂರನೆಯದು ಎಡಕ್ಕೆ.

ದೊಡ್ಡತ್ತೆ ಸೀರೆಯ ಮೇಲೆ ತೊಟ್ಟಿದ್ದ, ತಾನೇ ಹೊಲಿದ ಕೋಟಿನ ಕಾಲರು ಮಗುಚಿ ತೋರಿಸಿದಳು. ಅಂಗಡಿಯಿಂದ ಹೊರಬಿದ್ದ ಪ್ರತಿ ಕೋಟಿನ ಕಾಲರಿನ ಹಿಂದೆ, ಗಿರಾಕಿಗೂ ಕಾಣದ ಹಾಗೆ, ಹಾಕುತ್ತಾ ಬಂದ ಗುರುತು ಅದು. ಹನ್ನೆರಡನೇ ವಯಸ್ಸಿನಲ್ಲಿ ಆಕೆ ಮೂರನೇ ಹೊಲಿಗೆಯನ್ನು ಅಂದವಾಗಿ ಬಲಕ್ಕೆ ತಿರುಗಿಸಿದ್ದಳು. ಅಪ್ಪ ಅದನ್ನು ಬಿಚ್ಚಿಸಿ ಮತ್ತೆ ಎಡಕ್ಕೇ ಹಾಕಿಸಿದ್ದ. ಯಾಕೆ ಎಂದರೆ ಅವನಿಗೂ ಗೊತ್ತಿರಲಿಲ್ಲ.

ಕಡತದಮ್ಮ ಕಾಲರು ನೋಡಿದಳು, ದಫ್ತರ ನೋಡಿದಳು, ಮತ್ತೆ ಕಾಲರು ನೋಡಿದಳು. ಪಕ್ಕದ ಬರಹ ಓದಿ, ಗುರುತು ಮದುಮಗಳದೇ ಎಂದಳು. ಆಮೇಲೆ ಮದುಮಗನ ಕಸುಬು ಬರೆದಿದ್ದ ಸಾಲಿಗೆ ಬಂದು, ಕೆಮ್ಮಿದವರನ್ನೂ ಗದರುವ ಆ ಹೆಂಗಸು ಕೋಣೆ ಹಾರಿಹೋಗುವ ಹಾಗೆ ನಕ್ಕಳು. ವಿಷಯ ಕೇಳಿ ದೊಡ್ಡತ್ತೆಯೂ ಹೊಟ್ಟೆ ಹಿಡಿದುಕೊಂಡಳು.

ಶನಿವಾರ ತಮ್ಮ ಆ ಹಾಳೆಯ ನಕಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಹಾಗಾದ್ರೆ ಅಜ್ಜ ಹೊಲೀತಿರ್ಲಿಲ್ವಾ?" ಎಂದ.

"ಪೀಪಾಯಿ ಮಾಡ್ತಿದ್ದ ಕಣೋ. ಕಾಲರ್ ಇರೋ ಪೀಪಾಯಿ ಎಲ್ಲಾದ್ರೂ ನೋಡಿದ್ರೆ ಹೇಳು, ಬೋರ್ಡ್ ಅವನಿಗೇ ಬಿಡ್ತೀನಿ."

ತಮ್ಮ ಮುಖ ಊದಿಸಿಕೊಂಡು ಯಂತ್ರದ ಮುಂದೆ ಕುಳಿತ. ಬೋರ್ಡಿನವನು ಏಣಿ ಹತ್ತಿ, ಅಜ್ಜಿಯ ಹೆಸರೇನೆಂದು ಬರೆಯಲಿ ಎಂದು ಕೇಳಿದ.

"ಹೆಸರು ಪಾದ್ರಿ ಕೊಟ್ಟಿದ್ದು, ಹನ್ನೊಂದು ಜನಕ್ಕೂ ಅದೇ," ಎಂದಳು ದೊಡ್ಡತ್ತೆ, ನಕಲಿನಲ್ಲಿದ್ದ ಗುರುತು ತೋರಿಸುತ್ತಾ. "ಇದು ಅವಳೇ ಹಾಕಿದ್ದು. ಇದನ್ನೇ ಬರಿ, ದೊಡ್ಡದಾಗಿ."

ಅವನು ಬರೆದ. ಬೋರ್ಡು ಬರೆಯುವವರಿಗೆ ಅಂದದ ಹುಚ್ಚು ಇದ್ದದ್ದೇ. ನಕಲಿನಲ್ಲೇನೋ ತಪ್ಪಾಗಿದೆಯೆಂದು ತಿಳಿದು ಮೂರನೇ ಗೀಟನ್ನೂ ಬಲಕ್ಕೇ ವಾಲಿಸಿದ. ದೊಡ್ಡತ್ತೆ ಬಾಯಿ ತೆರೆಯುವಷ್ಟರಲ್ಲಿ ಯಂತ್ರದ ಸದ್ದು ನಿಂತಿತು. ಕೊರಳಲ್ಲಿ ಅಳತೆಪಟ್ಟಿ ತೂಗುತ್ತಿದ್ದ ಹಾಗೆಯೇ ತಮ್ಮ ಬೀದಿಗೆ ಬಂದ.

"ಅದನ್ನ ಅಳಿಸಿ," ಎಂದ. "ಮೂರನೇದು ಎಡಕ್ಕೆ. ನಮ್ಮಜ್ಜಿ ಹಾಗೇ ಹಾಕಿದ್ದು."

ದೊಡ್ಡತ್ತೆ ಒಳಗೆ ಹೋಗಿ ಕುಳಿತು ಸೂಜಿ ಎತ್ತಿಕೊಂಡಳು. ಆ ದಿನ ಎಷ್ಟು ಸಲ ಪ್ರಯತ್ನಿಸಿದರೂ ದಾರ ಒಳಗೆ ಹೋಗಲಿಲ್ಲ. ಕೊನೆಗೆ ತಮ್ಮನೇ ಪೋಣಿಸಿ ಕೊಟ್ಟ.