ಹುಂಜದ ಪಕ್ಕ ನಿಲ್ಲಬೇಕಿದ್ದವಳು

೧
ಎಲ್ಲಿಂದ ಶುರು ಮಾಡಲಿ? ಚೀನಾದ ಅಮೋಯ್ ದ್ವೀಪದ ಚರಿತ್ರೆ ಬರೆಯುತ್ತೇನೆಂದು ಕೂತವನು ನಾನು. ಚಹಾ ಪೆಟ್ಟಿಗೆಗಳಿಂದ ಶುರು ಮಾಡಿದೆ, ಆಕಳಿಕೆ ಬಂತು. ಫಿರಂಗಿ ಹೊತ್ತ ಹಡಗುಗಳಿಂದ ಶುರು ಮಾಡಿದೆ, ಎಲ್ಲರೂ ಅಲ್ಲಿಂದಲೇ ಶುರು ಮಾಡಿದ್ದಾರೆ. ಎರಡೂ ಡ್ರಾಫ್ಟು ಒಲೆಗೆ ಹೋದವು. ಕೊನೆಗೆ, ಈ ಬಂದರಿನಿಂದ ಗಂಡಸರು ಹೋದರು, ಹೆಂಗಸರು ಕಾದರು, ಚರಿತ್ರೆ ಅಂದರೆ ಅಷ್ಟೇ ತಾನೆ ಎಂದುಕೊಂಡು ಕಾಯಲಿಕ್ಕೆ ಒಬ್ಬ ಹುಡುಗಿಯನ್ನು ಹುಡುಕಿದೆ. ಅಖಿಮ್ ಸಿಕ್ಕಳು. ಸಿಕ್ಕವಳು ಸುಮ್ಮನಿರಬೇಕಲ್ಲ!

೨
ಅಖಿಮ್‌ಳ ಮದುವೆಯ ದಿನ. ವರ ಬುನ್‌ಹೋ ಮನಿಲಾದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವನು. ಅವನಿಗೆ ಬರಲು ಪುರುಸೊತ್ತಿಲ್ಲ. ಹಾಗಾಗಿ, ಗಂಡು ಪರದೇಶದಲ್ಲಿರುವ ಎಲ್ಲರ ಮನೆಯಲ್ಲೂ ನಡೆಯುವಂತೆ, ಅವನ ಜಾಗದಲ್ಲಿ ಒಂದು ಹುಂಜ. ಅದರ ಪಕ್ಕ ನಿಂತು ದೇವರಿಗೂ ಹಿರಿಯರಿಗೂ ತಲೆಬಾಗಿದರೆ ಮದುವೆ ಮುಗಿಯಿತು. (ನಮ್ಮೂರಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ನೀವೂ ಸ್ವಲ್ಪ ತಡೆದುಕೊಳ್ಳಿ.)

ಆಮೇಲೆ ಅತ್ತೆಮನೆಯಲ್ಲಿ ಗಂಡನ ಫೋಟೊ ಒರೆಸಿಕೊಂಡಿರುವುದು. ಅಖಿಮ್‌ಳ ಚಿಕ್ಕಮ್ಮ ಹಾಗೇ ಒರೆಸುತ್ತ ಒರೆಸುತ್ತ, ಫೋಟೊದ ಹುಡುಗನಿಗೆ ತಾಯಿಯಂತೆ ಕಾಣುವಷ್ಟು ವಯಸ್ಸಾದಳು. ಅವನು ಬರಲೇ ಇಲ್ಲ. ತನಗೂ ಅದೇ ಗತಿ ಎಂಬ ಭಯಕ್ಕೆ ಅಖಿಮ್‌ಗೆ ವಾರದಿಂದ ಅನ್ನ ಸೇರಿಲ್ಲ. ನಿಜ ಹೇಳಬೇಕೆಂದರೆ ಆ ಭಯವೇ ನನ್ನ ಪ್ಲಾಟು.

೩
ಹುಂಜದ ಪಕ್ಕ ಅವಳನ್ನು ನಿಲ್ಲಿಸಿ, ತಲೆಬಾಗಿಸಿ, ಅದೇ ಪ್ಯಾರಾದಲ್ಲಿ ಕೂದಲು ನರೆಸಿ ಬಂದರಿನ ಕಟ್ಟೆಯ ಮೇಲೆ ಕೂರಿಸಿದೆ. ಚೆನ್ನಾಗಿಯೇ ಬಂದಿತ್ತು.

"ರೀ ಕಥೆಗಾರ್ರೇ, ನನ್ನ ಮುದುಕಿ ಮಾಡೋಕೆ ಅದೇನು ಅವಸರ ನಿಮಗೆ?"

"ಚರಿತ್ರೆ ಇರೋದೇ ಹಾಗೆ ಕಣಮ್ಮ."

"ಚರಿತ್ರೆ ಬಂದು ಫೋಟೊ ಒರೆಸುತ್ತಾ? ಒರೆಸೋಳು ನಾನು!"

ಪುಟ ಹರಿದೆ.

೪
ಇನ್ನು ಅತ್ತೆ ಗಿಮ್‌ನಿಯೊ. ಅವಳದೂ ಹುಂಜದ ಜೊತೆಗಾದ ಮದುವೆಯೇ. ಗಂಡ ಒಂದು ಸಲ ಬಂದು, ಹೊಟ್ಟೆಯಲ್ಲೊಂದು ಮಗು ಕೊಟ್ಟು, ಮತ್ತೆ ಹಡಗು ಹತ್ತಿದವನು ಪರದೇಶದಲ್ಲೇ ಸತ್ತ. ಮಗನ ಮದುವೆ ಸುಸೂತ್ರವಾಗಲಿ ಎಂದು ಅವಳು ಬಾಗಿಲಿಗೆ, ಜಾಡಿಗೆ, ಮೇಜಿನ ಕಾಲಿಗೆ, ಕಂಡಕಂಡದ್ದಕ್ಕೆಲ್ಲ ಕೆಂಪು ದಾರ ಕಟ್ಟಿದ್ದಳು. ಹಿತ್ತಲಲ್ಲಿದ್ದ ಎರಡು ಹುಂಜಗಳಿಗೂ. ಒಂದು ಮದುಮಗ, ಇನ್ನೊಂದು ದೇವರ ಎಡೆಗೆ.

"ತಿಯಾಂಗ್, ಯಾವ ಹುಂಜ ಕೊಯ್ದೆಯೋ?" ಗಿಮ್‌ನಿಯೊ ಅಡುಗೆಯವನ ಮೇಲೆ ಕೂಗಿದಳು.

"ಕೆಂಪು ದಾರದ್ದು ಅಮ್ಮಾವ್ರೇ."

"ಎರಡಕ್ಕೂ ಕಟ್ಟಿದ್ದೆನಲ್ಲೋ ಮುಂಡೇದೇ!"

"ಅದಕ್ಕೇ ದಪ್ಪಗಿದ್ದದ್ದು ನೋಡಿ ಕೊಯ್ದೆ."

ಪಾತ್ರೆಯ ಮುಚ್ಚಳ ತೆಗೆದರೆ ಮದುಮಗ ಶುಂಠಿಯ ಜೊತೆ ಬೇಯುತ್ತಿದ್ದ.

(ಇಲ್ಲಿ ನನಗೆ ಆಸೆಯಾಯಿತು. ಅಖಿಮ್‌ಳೇ ಬೆಳಗ್ಗೆ ಹಿತ್ತಲಿಗೆ ನುಸುಳಿ ಕತ್ತಿ ಹಿಡಿದಳು ಎಂದು ಬರೆದೆ. ವಿಮರ್ಶಕರು ಮೆಚ್ಚುತ್ತಾರೆ. "ಸುಳ್ಳು ಹೊರಿಸ್ಬೇಡಿ," ಎಂದಳು. "ನಂಗೆ ಅಷ್ಟು ಧೈರ್ಯ ಇದ್ದಿದ್ರೆ ಈ ಮನೆಗೆ ಬರೋ ಪಲ್ಲಕ್ಕೀನೇ ಹತ್ತುತ್ತಿರಲಿಲ್ಲ." ಅದೂ ಹೋಯಿತು.)

೫
ಅಪಶಕುನ, ಮದುವೆ ನಿಲ್ಲಿಸಿ ಎಂದರು ಕೆಲವರು. ಉಳಿದ ಹುಂಜವನ್ನೇ ನಿಲ್ಲಿಸಿ ಮುಗಿಸಿ ಎಂದರು ಹಸಿದವರು. ಮನೆದೇವರು ಕಡಲಮ್ಮನನ್ನೇ ಕೇಳೋಣ ಎಂದಳು ಗಿಮ್‌ನಿಯೊ.

ಕೇಳುವುದೆಂದರೆ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬಿರುವ ಎರಡು ಮರದ ತುಂಡು ನೆಲಕ್ಕೆ ಹಾಕುವುದು. ಒಂದು ಬೋರಲು, ಒಂದು ಅಂಗಾತ ಬಿದ್ದರೆ ಹೌದು. ಎರಡೂ ಬೋರಲಾದರೆ ಬೇಡ. ಎರಡೂ ಅಂಗಾತ ಬಿದ್ದರೆ ದೇವಿ ನಗುತ್ತಿದ್ದಾಳೆ, ಇನ್ನೊಮ್ಮೆ ಕೇಳಬೇಕು. ಇಷ್ಟು ನಮ್ಮೂರಿನ ತೊಟ್ಟಿಲ ಕೂಸಿಗೂ ಗೊತ್ತು.

ಕೆಂಪು ಮುಸುಕಿನೊಳಗಿದ್ದ ಅಖಿಮ್‌ಗೆ ಕಾಣುತ್ತಿದ್ದದ್ದು ತನ್ನ ಕಾಲ ಬಳಿಯ ನೆಲ ಮಾತ್ರ. "ಬೇರೆ ಹುಂಜ ಆದೀತೇ ತಾಯಿ?" ಎಂದಿತು ಅತ್ತೆಯ ದನಿ. ತುಂಡುಗಳು ಉರುಳುತ್ತ ಬಂದು ಅವಳ ಕಾಲ ಬಳಿಯೇ ನಿಂತವು. ಎರಡೂ ಅಂಗಾತ. ಇನ್ನೊಂದು ಸಲ ಹಾಕುತ್ತಾಳೆ, ಹೌದು ಬೀಳುತ್ತದೆ, ನನ್ನ ಕಥೆ ಮುಗಿಯಿತು ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

ಗಿಮ್‌ನಿಯೊ ಬಗ್ಗಿದಳು. ಮುಸುಕಿನ ಕೆಳಗಿನಿಂದ ಅಖಿಮ್‌ಳ ಮುಖ ಕಂಡಿರಬೇಕು. ತುಂಡುಗಳನ್ನೆತ್ತಿ ಸೆರಗಿನಿಂದ, ಕ್ಷಮಿಸಿ, ಅಂಗಿಯ ತೋಳಿನಿಂದ ಒರೆಸಿ, ಪೀಠದ ಮೇಲೆ ಇಟ್ಟುಬಿಟ್ಟಳು.

"ಬೇಡ ಅಂದ್ಲು ತಾಯಿ."

"ಅತ್ತಿಗೆ, ಅದು ನಗು ಅಲ್ವಾ..." ಮೈದುನ ರಾಗ ಎಳೆದ.

"ನನ್ನ ಮನೆ ದೇವ್ರು ನಗೋದು ಯಾವುದು, ಬೈಯೋದು ಯಾವುದು ಅಂತ ನೀನು ಹೇಳ್ಕೊಡ್ತೀಯಾ? ಊಟಕ್ಕೇಳಿ ಎಲ್ಲರೂ!"

ಹಸಿದವರು ಮೊದಲು ಎದ್ದರು. ಮುಸುಕಿನೊಳಗೆ ಅಖಿಮ್ ಒಂದು ದೊಡ್ಡ ಉಸಿರು ಬಿಟ್ಟಳು. ಎಂಥ ನಿರಾಳ! ನನಗೂ ಆಯಿತು, ಮುಚ್ಚಿಡುವುದೇಕೆ.

೬
ಅಂತ್ಯಗಳು. ಗಿಮ್‌ನಿಯೊಗೆ ಕಣ್ಣು ಮಂಜು, ನಗುವನ್ನು ಬೇಡ ಎಂದು ಓದಿದಳು. ಇಲ್ಲವೇ ಅಪಶಕುನಕ್ಕೆ ಹೆದರಿದಳು. ಇಲ್ಲವೇ ಬೇಕೆಂದೇ. ಅವಳನ್ನೇ ಕೇಳಿದೆ.

"ಊಟ ಬಡಿಸ್ಬೇಕು, ದಾರಿ ಬಿಡಪ್ಪ," ಎಂದಳು.

ಬಾಗಿಲಲ್ಲಿ ಅಖಿಮ್ ಮುಸುಕು ತೆಗೆದು ಅವಳ ಕಾಲಿಗೆರಗಿದಳು. ಗಿಮ್‌ನಿಯೊ ರಟ್ಟೆ ಹಿಡಿದೆಬ್ಬಿಸಿ ಕಿವಿಯಲ್ಲಿ ಏನೋ ಹೇಳಿದಳು. ನನಗೆ ಕೇಳಿಸಿದ್ದು ಕೊನೆಯದಷ್ಟೇ: "...ಓಡೇ. ನಾನು ತಾಯೀನ ಇನ್ನೊಂದ್ಸಲ ಕೇಳೋದ್ರೊಳಗೆ ಓಡು."

ಅಖಿಮ್ ಕಸೂತಿಯ ಚಪ್ಪಲಿ ಕೈಯಲ್ಲಿ ಹಿಡಿದು ಬೀದಿಗಿಳಿದಳು. "ಎಲ್ಲಿಗೆ ಅಂತಾದ್ರೂ ಹೇಳಿ ಹೋಗಮ್ಮ, ಓದೋರು ಕೇಳ್ತಾರೆ!" ಎಂದು ಕೂಗಿದೆ.

"ಕೇಳ್ಲಿ ಬಿಡಿ!"

ತವರಿಗೋ, ಹಡಗಿಗೋ, ಇನ್ನೆಲ್ಲಿಗೋ. ಬರೆಯಬಹುದು, ಬರೆಯುವುದಿಲ್ಲ. ಬರೆದರೆ ಅವಳು ಎಲ್ಲಾದರೂ ಒಂದು ಕಡೆ ನಿಲ್ಲಬೇಕಾಗುತ್ತದೆ.