ಮತ್ತು ಇತರರು

ನನ್ನ ತಂಗಿ ಅಂತರರಾಷ್ಟ್ರೀಯ ಕಾನೂನಿನ ಸಂಶೋಧಕಿ ಎಂದರೆ ನೆಂಟರು, "ಹಂಗಂದ್ರೆ ಯಾವ ಕೋರ್ಟಲ್ಲಿ ಕೂರ್ತಾಳೆ?" ಎಂದು ಕೇಳುತ್ತಾರೆ. ಹೊಲಿಗೆ ಕಲಿಸುವ ನನಗೂ ಪೂರ್ತಿ ಗೊತ್ತಿಲ್ಲ. ಆದರೂ ಆ ಸಮ್ಮೇಳನಕ್ಕೆ ಅವಳ ಜೊತೆ ಹೋದೆ. ಅವಳ ಕೂಸಿನ್ನೂ ಎದೆಹಾಲು ಬಿಟ್ಟಿರಲಿಲ್ಲ. ಪ್ರಬಂಧ ಓದುವಾಗ ಎತ್ತಿಕೊಳ್ಳಲು ಯಾರಾದರೂ ಬೇಕಲ್ಲ!

ಅವಳಿಗೆ ಹೋಗದೆ ಗತಿಯಿರಲಿಲ್ಲ. ಅವಳು ಪಾಠ ಮಾಡುತ್ತಿದ್ದ ತಾತ್ಕಾಲಿಕ ಕೆಲಸ ಆ ತಿಂಗಳಿಗೆ ಮುಗಿಯುತ್ತಿತ್ತು. ಸಮ್ಮೇಳನದಲ್ಲಿ ಯುವ ಸಂಶೋಧಕರ ಪೈಕಿ ಮೊದಲು ಬಂದವರಿಗೆ ಎರಡು ವರ್ಷದ ಸಂಶೋಧನಾ ಹುದ್ದೆಯಿತ್ತು. ಮುಂದಿನ ಸಲಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು.

ನಡುಗಡಲಲ್ಲಿ ಮುಳುಗುತ್ತಿದ್ದವರನ್ನು ಹಡಗೊಂದು ಎತ್ತಿಕೊಂಡರೆ, ಅವರನ್ನು ದಡಕ್ಕೆ ಇಳಿಸಿಕೊಳ್ಳುವ ಹೊಣೆ ಯಾವ ದೇಶದ್ದು? ಇದು ಅವಳ ವಿಷಯ. ಇವರ ಕಸುಬಿನಲ್ಲಿ ಒಂದು ಕಟ್ಟಳೆಯಿದೆ: ಪರಿಶೀಲನೆಗೆ ಹೋಗುವ ಪ್ರಬಂಧದಲ್ಲಿ ಬರೆದವರ ಸುಳಿವೇ ಇರಕೂಡದು. ಶಿಸ್ತಿನ ನಮ್ಮ ಹುಡುಗಿ ತನ್ನ ಹಳೆಯ ಲೇಖನದ ಸುದ್ದಿಯನ್ನೇ ಎತ್ತದೆ ಕಳಿಸಿದಳು. ಪರಿಶೀಲಕರು ಬರೆದದ್ದೇನು ಗೊತ್ತೇ? "ಈ ವಿಷಯದ ಮುಖ್ಯ ಲೇಖನವನ್ನೇ ಇವರು ಓದಿದಂತಿಲ್ಲ. ಸಭೆಯಲ್ಲಿ ಅದಕ್ಕೆ ಉತ್ತರಿಸಬೇಕು."

ಆ ಮುಖ್ಯ ಲೇಖನ ಅವಳದೇ! ಅಜ್ಜಿಗೆ ಕೆಮ್ಮು ಕಲಿಸುವುದೆಂದರೆ ಇದು. ಬರೆದವಳು ಇವಳು, ಆದರೆ ಹೆಸರುಗಳ ಸಾಲಿನಲ್ಲಿ ಮೊದಲು ಇವಳ ಗೈಡು, ಆಮೇಲೆ ಅವರ ಇಬ್ಬರು ಗೆಳೆಯರು, ಬಾಲದ ತುದಿಗೆ ಇವಳು. ಎಲ್ಲರೂ ಗೈಡಿನ ಹೆಸರು ಹೇಳಿ, "ಮತ್ತು ಇತರರು" ಎಂದು ಮುಗಿಸಿಬಿಡುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. "ಈಗ್ಲೇ ಫೋನ್ ಮಾಡಿ ಹೇಳು, ಅದು ನಂದೇ ಅಂತ."

"ವೇದಿಕೆ ಹತ್ತೋವರೆಗೂ ಹೇಳಂಗಿಲ್ಲಕ್ಕ. ಹೇಳಿದ್ರೆ ಸ್ಪರ್ಧೆಯಿಂದ ಹೊರಗೆ ಹಾಕ್ತಾರೆ."

ಸಭಾಂಗಣದ ಹಿಂದಿನ ಸಾಲಿನ ಪಕ್ಕ ಕೂಸನ್ನು ಭುಜಕ್ಕೆ ಹಾಕಿಕೊಂಡು ನಿಂತೆ. ಅವಳಿಗಿಂತ ಮುಂಚೆ ಮಾತಾಡಿದ ಇಬ್ಬರದೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು: ಆ ದೇಶದ ಹೊಣೆಯೂ ಹೌದು, ಈ ದೇಶದ್ದೂ ಹೌದು. ನನ್ನ ತಂಗಿ ಮಾತ್ರ ತಡವರಿಸದೆ ಹೇಳಿದಳು: ಸಹಾಯದ ಕರೆ ಯಾವ ದೇಶಕ್ಕೆ ಕೇಳಿಸಿತೋ ಅದರದೇ ಹೊಣೆ.

ಬಿಳಿಗಡ್ಡದ ಅಧ್ಯಕ್ಷರು ಪರಿಶೀಲಕರ ಟಿಪ್ಪಣಿ ಕೈಗೆತ್ತಿಕೊಂಡರು. "ನಿಮ್ಮ ವಾದ ಆ ಮುಖ್ಯ ಲೇಖನಕ್ಕೆ ಪೂರ್ತಿ ಉಲ್ಟಾ ಇದೆಯಲ್ಲಮ್ಮ. ಅದನ್ನ ಓದಿದೀರಾ?"

"ಓದಿದೀನಿ ಸರ್. ಅದು ತಪ್ಪು."

ಗುಸುಗುಸು ಎದ್ದಿತು. "ಅಂಥ ದೊಡ್ಡವರು ಬರೆದಿದ್ದು ತಪ್ಪಾ? ಬರೆದವರು ಇಲ್ಲಿದ್ದಿದ್ರೆ ಏನಂತಿದ್ರೋ!" ಎಂದರು ಅಧ್ಯಕ್ಷರು.

"ಇಲ್ಲೇ ಇದೀನಿ ಸರ್. ಆ ‘ಇತರರು’ ನಾನೇ."

ಅಧ್ಯಕ್ಷರು ಟಿಪ್ಪಣಿಯನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು.

"ಹಡಗಿನ ಮೇಲೆ ಯಾವ ದೇಶದ ಬಾವುಟ ಇದೆಯೋ ಅದರದೇ ಹೊಣೆ ಅಂತ ಆಗ ಪುಸ್ತಕ ನೋಡಿ ಬರೆದೆ," ಎಂದಳು ತಂಗಿ. "ಆಮೇಲೆ ಹಡಗಿನ ಕ್ಯಾಪ್ಟನ್‌ಗಳನ್ನ ಕಂಡು ಮಾತಾಡಿಸ್ದೆ. ಬಾವುಟದ ದೇಶ ಎಲ್ಲೋ ಇರತ್ತೆ. ಅದು ಉತ್ತರ ಕೊಡೋ ಹೊತ್ತಿಗೆ ಹಡಗಲ್ಲಿ ಕುಡಿಯೋ ನೀರೇ ಮುಗಿದಿರತ್ತೆ."

ಅಷ್ಟರಲ್ಲಿ ಕೂಸು ಸೂರು ಹಾರಿಹೋಗುವಂತೆ ಕಿರುಚಿತು. ನಾನು ಬಾಗಿಲತ್ತ ಓಡಹೊರಟೆ. "ಕೊಡಕ್ಕ ಇಲ್ಲಿ," ಎಂದು ಮೈಕಿನಲ್ಲೇ ಕೂಗಿದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತಾ, ಉಳಿದ ಪ್ರಶ್ನೆಗಳಿಗೆಲ್ಲ ಒಂದೊಂದಾಗಿ ಉತ್ತರ ಕೊಟ್ಟಳು. ಕೊನೆಯ ಪ್ರಶ್ನೆಗೆ ಮೊದಲೇ ಅದು ನಿದ್ದೆಹೋಗಿತ್ತು.

ಸಂಜೆ ಫಲಿತಾಂಶ ಓದಲು ಅದೇ ಅಧ್ಯಕ್ಷರು ಬಂದರು. ತಂಗಿ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಿದ್ದಳು. ಅವರು ಅವಳ ಹೆಸರನ್ನು ಓದಿದರು, ಅಪ್ಪನ ಇನಿಷಿಯಲ್ ಸಮೇತ, ಪೂರ್ತಿ. ಅದರ ಹಿಂದೆ ಮುಂದೆ ಇನ್ನಾರ ಹೆಸರೂ ಇರಲಿಲ್ಲ.

ದೊಡ್ಡ ದೊಡ್ಡವರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅಷ್ಟರಿಂದ ನನ್ನ ಸಂತೋಷ ತೀರುವಂತಿರಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಸಿಳ್ಳೆ ಹಾಕಿಬಿಟ್ಟೆ. ಇಡೀ ಸಭೆ ತಿರುಗಿ ನೋಡಿತು. ನೋಡಲಿ ಬಿಡಿ, ಗೆದ್ದವಳು ನನ್ನ ತಂಗಿ.