ಚುಕ್ಕೆಯಿಲ್ಲದ ಒರು

ಲಾಗೋಸಿನ ಸುರುಲೆರೆ ಬಡಾವಣೆಯ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದು ಮಂದಿ ದೊಡ್ಡವರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತು ಇಗ್ಬೊ ಭಾಷೆ ಕಲಿಯುತ್ತಿದ್ದರು. ಲಾಗೋಸಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆದವರು, ಇಗ್ಬೊ ಮನೆಗೆ ಸೊಸೆಯಾಗಿ ಬಂದ ಯೊರುಬಾ ಹೆಂಗಸರು, ಹೀಗೆ. ಕಲಿಸುವವರು ಮಝಿ ಅನೊಸಿಕೆ. ನಿವೃತ್ತ ಮೇಷ್ಟ್ರು, ಸಿಡುಕರು, ಆದರೆ ಪಾಠ ಬಿಟ್ಟರೆ ಬೇರೆ ಲೋಕವಿಲ್ಲದ ಮನುಷ್ಯ.

"ವಸ್ತುವಿಗೆ ಏನಂತಾರೆ?"

"ಇಹೆ" ಎಂದ ಒಬ್ಬ. "ಇಫೆ" ಎಂದಳು ಮತ್ತೊಬ್ಬಳು.

"ಎರಡೂ ಸರಿ. ಓವೆರಿ ಕಡೆಯವರಿಗೆ ಇಹೆ, ಅನಂಬ್ರದವರಿಗೆ ಇಫೆ. ಇವರ ಮನೆ ಉಲೊ, ಅವರ ಮನೆ ಉನೊ. ಇವರ ಸಂತೆ ಅಹಿಯಾ, ಅವರ ಸಂತೆ ಅಫಿಯಾ. ಮದುವೆ ಆಗೋಕೆ ಮುಂಚೆ ಕೇಳ್ಕೊಳ್ಳಿ, ಯಾವ ಸಂತೆಗೆ ಹೋಗ್ತೀರಿ ಅಂತ."

"ನಮ್ಮತ್ತೆ ನನ್ನ ಬೈಯೋದು ಯಾವ ಕಡೆ ಮಾತಲ್ಲಿ ಸರ್? ಮೊದ್ಲು ಅದನ್ನ ಹೇಳ್ಕೊಡಿ" ಎಂದಳು ಮೊರೆನಿಕೆ. ಅವಳು ಯೊರುಬಾ ಹೆಂಗಸು, ಗಂಡ ಓವೆರಿಯವನು. ತರಗತಿಯೆಲ್ಲ ನಕ್ಕಿತು.

ಉಗ್ಬಾಲಾ ಮಾತ್ರ ಪುಸ್ತಕದಿಂದ ತಲೆ ಎತ್ತಲಿಲ್ಲ. ಪಕ್ಕದ ಓಣಿಯ ದರ್ಜಿ ಅವಳು, ವಯಸ್ಸು ಮೂವತ್ತೈದು. ಪದಗಳನ್ನು ಗುಂಡಿ ಹೊಲಿದಂತೆ ಒಂದೊಂದಾಗಿ ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಉಳಿದವರಿಗೆ ಈ ಭಾಷೆ ಹೊಸದು. ಅವಳ ಮಾತನ್ನೋ ಬಾಯಿಂದಲೇ ಕಿತ್ತುಕೊಂಡಿದ್ದರು.

ಅಬಕಲಿಕಿ ಕಡೆಯ, ಇಝಿ ಮಾತಾಡುವ ಹಳ್ಳಿಯಿಂದ ಒಂಬತ್ತು ವರ್ಷದ ಅವಳನ್ನು ಶಾಲೆಗೆ ಸೇರಿಸುವ ಮಾತು ಕೊಟ್ಟು ಲಾಗೋಸಿಗೆ ಕರೆತಂದವಳು ಮೇಡಂ ಒಪಾರಾ. ಶಾಲೆಯ ಗೇಟನ್ನೂ ಹುಡುಗಿ ಕಾಣಲಿಲ್ಲ. ಉಗ್ಬಾಲಾ ಎಂಬ ಹೆಸರು ಬಾಯಿಗೆ ಬರುವುದಿಲ್ಲವೆಂದು ಮೇಡಂ ಅವಳಿಗೆ ಬ್ಲೆಸಿಂಗ್ ಎಂದು ಹೆಸರಿಟ್ಟಳು. ಮನೆಯಲ್ಲಿ ಮುದ್ದು ಹೆಸರಿನಿಂದಷ್ಟೇ ಕರೆಯುತ್ತಿದ್ದ ಹತ್ತು ತಿಂಗಳ ಮಗುವನ್ನು ಬೆನ್ನಿಗೆ ಕಟ್ಟಿದಳು. ಮಗುವಿಗೆ ಮಾತು ಬಂದಾಗ ಬಂದದ್ದು ಬೆನ್ನು ಕೊಟ್ಟವಳ ಮಾತು. ಒಂದು ದಿನ ನೆಂಟರೆದುರು ಅದು ನೀರು ಬೇಕೆಂದು ಅಪ್ಪಟ ಇಝಿ ರಾಗದಲ್ಲಿ ಕೇಳಿತು. ನೆಂಟರು ಬಿದ್ದು ಬಿದ್ದು ನಕ್ಕರು. ಅವರು ಹೋದ ಮೇಲೆ ಮೇಡಂ ಅರೆಯುವ ಕಲ್ಲಿನಿಂದ ಹಸಿ ಮೆಣಸಿನ ಮುದ್ದೆ ತೆಗೆದು, ಹುಡುಗಿಯ ದವಡೆ ಹಿಡಿದು ನಾಲಿಗೆಗೆ ತಿಕ್ಕಿದಳು. "ನನ್ನ ಮಗಳ ಬಾಯಿಗೆ ಕಾಡು ಮಾತು ಹಾಕ್ತೀಯಾ?" ಅಂದಿನಿಂದ ಮನೆಯಲ್ಲಿ ಇಂಗ್ಲಿಷೊಂದೇ, ಒಂದು ಇಝಿ ಪದಕ್ಕೆ ಒಂದು ಸಲ ಮೆಣಸು. ವರ್ಷ ಕಳೆಯುವುದರೊಳಗೆ ಹುಡುಗಿ ಆ ಮಾತನ್ನು ಆಡುವುದು ಬಿಟ್ಟಳು. ಆಮೇಲೆ ಅದೇ ಅವಳನ್ನು ಬಿಟ್ಟಿತು. ಹದಿನೇಳಾದಾಗ ಮನೆಗೆ ಇನ್ನೂ ಎಳೆಯ ಹುಡುಗಿಯೊಬ್ಬಳು ಸಿಕ್ಕಳು. ಇವಳ ಬಟ್ಟೆಗಂಟು ಗೇಟಿನ ಹೊರಗೆ ಬಂದು ಬಿತ್ತು.

ಹೋದ ವರ್ಷ ಊರಿಂದ ಫೋನು ಬಂದಿತ್ತು. ಅವಳ ತಾಯಿ ಸಾಯುವ ಮುಂಚೆ ಐದು ನಿಮಿಷ ಮಾತಾಡಿದಳು. ಅದರಲ್ಲಿ ಉಗ್ಬಾಲಾಗೆ ಅರ್ಥವಾದದ್ದು ತನ್ನ ಹೆಸರೊಂದೇ. ಇಝಿ ಮಾತು ಕಲಿಸುವವರು ಲಾಗೋಸಿನಲ್ಲಿ ಸಿಗಲಿಲ್ಲ. ಇದಾದರೂ ಅದರ ಅಕ್ಕತಂಗಿಯಲ್ಲವೇ ಎಂದು ಈ ಬೆಂಚಿಗೆ ಬಂದು ಕೂತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ತರಗತಿಗೆ ಮುನಾಚಿ ಬಂದಳು. ಇಪ್ಪತ್ತೇಳರ ಲವಲವಿಕೆಯ ಹುಡುಗಿ. ಏಳು ವಾರದಲ್ಲಿ ಅವಳ ಮದುವೆ, ಹೆಣ್ಣು ಗಂಡಿಗೆ ಹೆಂಡ ಒಪ್ಪಿಸುವ ಹಳೆಯ ಕ್ರಮದ್ದು. ಹುಡುಗ ಅನಂಬ್ರದವನು.

"ಎಲ್ಲರ ಮುಂದೆ ಇಗ್ಬೊನಲ್ಲಿ ಒಂದು ಮಾತು ಹೇಳ್ಬೇಕು ಸರ್" ಎಂದಳು. "ನಮ್ಮಮ್ಮಂಗೂ ಗೊತ್ತಿಲ್ಲ, ಸರ್‌ಪ್ರೈಸ್. ನಮ್ಮಮ್ಮ ನನ್ನ ದುಡಿದು ಸಾಕಿದ್ಲು ಅಂತ ಹೇಳ್ಬೇಕು."

ಮಝಿ ಬೋರ್ಡಿನ ಮೇಲೆ ಬರೆದರು. "ಕೆಲಸಕ್ಕೆ ನಾವು ಒರು ಅಂತೀವಿ. ಎರಡು ಅಕ್ಷರದ ಕೆಳಗೂ ಚುಕ್ಕೆ ಇದೆ, ನೋಡಿದ್ರಾ? ಬಾಯಿ ಅಗಲಿಸಿ ಹೇಳ್ಬೇಕು. ಆದ್ರೆ ನಿನ್ನ ಬೀಗರು ಅನಂಬ್ರದವರಲ್ವಾ, ಅವರ ಬಾಯಲ್ಲಿ ಕೆಲಸ ಅಂದ್ರೆ ಒಲು. ನೀನೂ ಒಲು ಅಂತಲೇ ಹೇಳು. ಯಾಕೆ ಅಂದ್ರೆ ಚುಕ್ಕೆ ಬಿಟ್ಟು ಒರು ಅಂದ್ಯೋ, ಅವರಿಗೆ ಅದು ಗುಲಾಮ!"

"ಅಯ್ಯೋ ಬೇಡಪ್ಪಾ!" ಮುನಾಚಿ ಕಿವಿ ಮುಚ್ಚಿಕೊಂಡಳು. ಅವಳ ನಾಲಿಗೆಗೆ ಚುಕ್ಕೆಯಿದ್ದದ್ದೂ ಇಲ್ಲದ್ದೂ ಒಂದೇ ಆಗಿತ್ತು. ಮೊದಲ ವಾರವೆಲ್ಲ ಉಗ್ಬಾಲಾ ಸಂಜೆ ಹೊತ್ತು ಅವಳನ್ನು ಅಂಗಡಿಗೆ ಕರೆದು, ಮದುವೆಯ ರವಿಕೆಯ ಅಳತೆ ತೆಗೆಯುತ್ತಲೇ ಬಾಯಿ ತಿದ್ದಿದಳು. ಹುಡುಗಿ ಅವಳಿಗೆ ಇಷ್ಟವಾಗಿದ್ದಳು.

ಎರಡನೆಯ ಶನಿವಾರ ಹೊಲಿಗೆ ಮೆಷಿನ್ನಿನ ಮೇಲಿಟ್ಟಿದ್ದ ಮುನಾಚಿಯ ಫೋನು ಮೊಳಗಿತು. ಪರದೆಯ ಮೇಲೆ 'ಮಮ್ಮಿ' ಎಂದಿತ್ತು. ಹೆಸರಿನ ಮೇಲೆ ಒಂದು ಮುಖ. ಕೆನ್ನೆ ಇಳಿಬಿದ್ದಿತ್ತು, ತಲೆಗೆ ಚಿನ್ನದ ಬಣ್ಣದ ರುಮಾಲಿತ್ತು. ಆದರೆ ಕಣ್ಣು ಅದೇ.

ಉಗ್ಬಾಲಾಳ ಕೈಯಲ್ಲಿದ್ದ ಗುಂಡುಸೂಜಿ ಹುಡುಗಿಯ ಭುಜಕ್ಕೆ ತಾಗಿತು.

"ಆಯ್! ಸಿಸ್ಟರ್, ಚುಚ್ಬಿಟ್ರಲ್ಲ!"

"ತಪ್ಪಾಯ್ತು" ಎಂದಳು ಉಗ್ಬಾಲಾ. ಆಮೇಲೆ ಅಳತೆಯ ಪಟ್ಟಿ ಸುತ್ತುತ್ತಾ ಕೇಳಿದಳು: "ಚಿಕ್ಕೋಳಿದ್ದಾಗ ನಿನ್ನ ಯಾರು ನೋಡ್ಕೋತಿದ್ರು?"

"ಬ್ಲೆಸಿಂಗ್ ಅಂತ ಯಾರೋ ಇದ್ಲು. ಕೈ ಸ್ವಚ್ಛ ಇರ್ಲಿಲ್ಲ ಅಂತೆ, ಅಮ್ಮ ಕಳಿಸಿಬಿಟ್ರು. ನಂಗಾಗ ಎಂಟೊಂಬತ್ತು ವರ್ಷ, ಅವಳ ಮುಖಾನೇ ಮರೆತುಹೋಗಿದೆ."

ಮೇಡಂ ತನ್ನನ್ನು ಕಳ್ಳಿ ಎಂದೂ ಹೇಳಿದ್ದಾಳೆ. ಉಗ್ಬಾಲಾ ನೀರು ಕುಡಿದಳು. ಹದಿನೆಂಟು ವರ್ಷದಿಂದ ಆ ಹೆಂಗಸನ್ನು ಹೇಗೆ ಎದುರಿಸಲಿ ಎಂದು ಅವಳು ನೂರು ಬಗೆಯಲ್ಲಿ ಯೋಚಿಸಿದ್ದಳು. ಗೇಟಿನ ಮುಂದೆ ನಿಂತು ಕೂಗುವುದು, ಚರ್ಚಿನಲ್ಲಿ ಎದ್ದು ನಿಲ್ಲುವುದು. ಯಾರು ನಂಬುತ್ತಿದ್ದರು? ಈಗ ಆ ಹೆಂಗಸಿನ ಮಗಳೇ ಬಾಯಿ ತೆರೆದು, ಏನು ಹಾಕುತ್ತೀಯೋ ಹಾಕು ಎಂದು ಎದುರಿಗೆ ನಿಂತಿದ್ದಾಳೆ.

"ಮೇಷ್ಟ್ರು ಹೇಳಿದ್ದು ಬಿಡು" ಎಂದಳು. "ಒಲು ಅಂದ್ರೆ ಬೀಗರನ್ನ ಮೆಚ್ಚಿಸೋಕೆ ನಾಟಕ ಆಡ್ತಿದೀಯ ಅಂತಾರೆ. ನೀನು ಓವೆರಿ ಹೆಣ್ಣು, ನಿಮ್ಮಮ್ಮನ ಮಾತಲ್ಲೇ ಹೇಳು. ಒರು. ತುಟಿ ದುಂಡಗೆ. ಹೂಂ, ಹೇಳು."

"ಮೇಷ್ಟ್ರು ಬಾಯಿ ಅಗಲಿಸು ಅಂದ್ರಲ್ಲ?"

"ಅವರಿಗೆ ಹಲ್ಲಿಲ್ಲ, ಅಗಲಿಸ್ತಾರೆ. ನಿಂಗೇನು? ಅವರ ಮುಂದೆ ಹೇಳೋಕೆ ಹೋಗ್ಬೇಡ, ಇಲ್ಲಿ ಮಾತ್ರ ಹೇಳು."

ಹುಡುಗಿ ನಕ್ಕು ತುಟಿ ದುಂಡಗೆ ಮಾಡಿದಳು. ಚುಕ್ಕೆ ಬಿದ್ದುಹೋಯಿತು. 'ನ್ನೆ ಮ್ ಜಿ ಒರು ಝುವೊ ಮ್.' ಅಮ್ಮ ನನ್ನನ್ನು ದುಡಿದು ಸಾಕಿದಳು ಎಂಬ ಮಾತು ಹೀಗೆ ಅಮ್ಮ ನನ್ನನ್ನು ಗುಲಾಮಳಿಂದ ಸಾಕಿಸಿದಳು ಎಂದಾಯಿತು. ಅದರಲ್ಲಿ ಸುಳ್ಳೇನಿದೆ ಎಂದು ಉಗ್ಬಾಲಾ ತನಗೆ ತಾನೇ ಹೇಳಿಕೊಂಡಳು. ಐದು ವಾರ ಬಿಡದೆ ಹೇಳಿಸಿದಳು. ಹೊಲಿಯುವಾಗ, ಬಿಚ್ಚುವಾಗ, ಹುಡುಗಿ ಬದನೆಕಾಯಿಯನ್ನು ಕಡಲೆಕಾಯಿ ಮುದ್ದೆಯಲ್ಲಿ ಅದ್ದಿ ತಿನ್ನುವಾಗ. ಮಲಗಿದ್ದವಳನ್ನು ಎಬ್ಬಿಸಿದರೂ ಅದೇ ಬರಬೇಕು, ಹಾಗೆ. ಒಮ್ಮೆ ಮುನಾಚಿ ಅವಳನ್ನು ತಬ್ಬಿಕೊಂಡು, "ನೀವಿಲ್ದಿದ್ರೆ ನಾನು ಏನ್ಮಾಡ್ತಿದ್ನೋ ಸಿಸ್ಟರ್" ಎಂದಳು. ಆ ದಿನ ಉಗ್ಬಾಲಾಗೆ ಊಟ ಸೇರಲಿಲ್ಲ. ಆದರೂ ಮರುದಿನ ಮತ್ತೆ ಹೇಳಿಸಿದಳು.

ಮದುವೆ ಓವೆರಿಯ ಹತ್ತಿರ, ಹುಡುಗಿಯ ಅಪ್ಪನ ಊರಿನಲ್ಲಿ. ಶಾಮಿಯಾನದ ಎರಡು ಬದಿಯಲ್ಲಿ ಎರಡು ಕಡೆಯ ಬೀಗರು. ಶುಭಕ್ಕೆ ಹಂಚುವ ಕೋಲಾ ಕಾಯಿ ಒಡೆದಾಯಿತು. ಮುನಾಚಿ ಹವಳದ ಸರ ಹಾಕಿಕೊಂಡು, ತಾಳೆ ಹೆಂಡದ ಬಟ್ಟಲು ಹಿಡಿದು, ಕುಣಿಯುತ್ತಾ ಜನರ ನಡುವೆ ಹುಡುಗನನ್ನು ಹುಡುಕಿ ಮಂಡಿಯೂರಿ ಕೊಟ್ಟಳು. ಎಲ್ಲರೂ ಕೂಗಿದರು. ಮುಂದಿನ ಸಾಲಿನಲ್ಲಿ ಮೇಡಂ ಒಪಾರಾ ಬೀಸಣಿಗೆ ಆಡಿಸುತ್ತಾ ಬೀಗುತ್ತಿದ್ದಳು. ಹೊಲಿದುಕೊಟ್ಟ ದರ್ಜಿಯಾಗಿ, ಕೂಡಿ ಕಲಿತ ಗೆಳತಿಯಾಗಿ ಉಗ್ಬಾಲಾ ಮೂರನೆಯ ಸಾಲಿನಲ್ಲಿದ್ದಳು. ಮೇಡಂ ಅವಳನ್ನು ಎರಡು ಸಲ ನೋಡಿದ್ದಳು, ಗುರುತಿಸಿರಲಿಲ್ಲ.

ಮುನಾಚಿ ಮೈಕು ಹಿಡಿದಳು. "ಒಂದೇ ಒಂದು ಮಾತು" ಎಂದು, ತುಟಿಯನ್ನು ಚೆಂದವಾಗಿ ದುಂಡಗೆ ಮಾಡಿ ಹೇಳಿದಳು.

ಅನಂಬ್ರದವರ ಕಡೆ ಒಂದು ಮೂಲೆಯಲ್ಲಿ ಕಿಸಕ್ಕೆಂದು ನಗು ಹುಟ್ಟಿ ಸಾಲು ಸಾಲಾಗಿ ಹರಡಿತು. ಹುಡುಗನ ದೊಡ್ಡತ್ತೆ, ಎಪ್ಪತ್ತು ದಾಟಿದ ಎಝಿನ್ನೆ, ಕೋಲೂರಿ ಎದ್ದಳು.

"ಭೇಷ್ ಸೊಸೆ! ಎಲ್ಲಮ್ಮಾ ಆ ಗುಲಾಮಳು? ಅವಳನ್ನೂ ಗಂಟಿನ ಜೊತೆ ಕಳಿಸಿಬಿಡಿ, ನಮ್ಮನೇಲಿ ಪಾತ್ರೆ ಬಹಳ ಇದೆ!"

ನಗು ಹೊಯ್ಲಾಗಿ ಎದ್ದಿತು. ಮೇಡಂ ತಾನೂ ನಕ್ಕು ಕೈ ಬೀಸಿದಳು. "ಕೆಲಸ ಅಂದಿದ್ದು ಕಣ್ರೀ! ಲಾಗೋಸ್ ನಾಲಿಗೆ, ಹೊರಳಲ್ಲ."

"ನಾಲಿಗೆ ಸರಿಯಾಗೇ ಹೊರಳಿದೆ" ಎಂದು ಉಗ್ಬಾಲಾ ಎದ್ದು ನಿಂತಳು. ಅನಂಬ್ರದವರಿಗೂ ಓವೆರಿಯವರಿಗೂ ತಿಳಿಯುವಂಥ ಇಗ್ಬೊನಲ್ಲೇ ಎಝಿನ್ನೆಗೆ ಹೇಳಿದಳು: "ಅಮ್ಮಾ, ನೀವು ಕೇಳಿದ್ರಲ್ಲ, ಇಲ್ಲಿದೀನಿ. ಒಂಬತ್ತು ವರ್ಷಕ್ಕೆ ಬಂದೆ. ಈ ಹುಡುಗಿ ನನ್ನ ಬೆನ್ನಮೇಲೆ ಬೆಳೆದಳು."

ಮೇಡಂ ಬೀಸಣಿಗೆ ನಿಲ್ಲಿಸಿದಳು. "ಯಾರಿವಳು? ದರ್ಜಿ ಹೆಂಗಸು! ಹೆಂಡ ಏರಿದೆ. ಇವಳನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ."

"ನನ್ನ ತಾಯಿ ಮಾತು ಆಡಿದ್ದಕ್ಕೆ ನನ್ನ ನಾಲಿಗೆಗೆ ಮೆಣಸು ಅರೆದು ತಿಕ್ಕಿದ್ರಲ್ಲ, ಅವಾಗ್ಲೂ ನೋಡಿರ್ಲಿಲ್ವಾ? ಹಿತ್ತಲ ನಲ್ಲಿ ಹತ್ರ, ನಾನು ಬಾಯಿ ತೊಳ್ಕೊಳ್ಳದ ಹಾಗೆ ಕಾವಲು ನಿಂತಿದ್ದು ಯಾರು?"

"ಬ್ಲೆಸಿಂಗ್, ಕೂತ್ಕೊ!" ಮೇಡಂ ಕಿರುಚಿದಳು.

ಕಿರುಚಿದ ಮೇಲೆ ಬಾಯಿಗೆ ಕೈ ಹೋಯಿತು. ತಡವಾಗಿತ್ತು. ಶಾಮಿಯಾನದ ಅಷ್ಟೂ ತಲೆ ಅವಳತ್ತ ತಿರುಗಿತು. ಎಝಿನ್ನೆ ನಗುವುದನ್ನು ನಿಲ್ಲಿಸಿ, ಕೋಲನ್ನು ನೆಲಕ್ಕೆ ಕುಟ್ಟಿ ಕೂತಳು. ಮೇಡಂ ಕುರ್ಚಿಯಲ್ಲಿ ಕುಗ್ಗಿಹೋಗುವುದನ್ನು ಉಗ್ಬಾಲಾ ಒಂದು ಚೂರೂ ಬಿಡದೆ ನೋಡಿದಳು. ಮೈಯಲ್ಲಿ ಬಿಸಿಲು ಹೊಕ್ಕಂತಾಯಿತು. ಆಮೇಲೆ ಯಾರೂ ಹೊರಗೆ ತಳ್ಳುವ ಮೊದಲೇ ತಾನೇ ನಡೆದು ಹೊರಬಂದಳು.

ಕಾರುಗಳ ಸಾಲಿನ ಹತ್ತಿರ ಮುನಾಚಿ ಓಡಿಬಂದು ತಡೆದಳು. ಮುಖದ ಬಣ್ಣ ಕಲಸಿಹೋಗಿತ್ತು.

"ಆರು ವಾರ ನನ್ನ ಬಾಯಿ ತಿದ್ದಿದ್ದು ಇದಕ್ಕಾ?"

"ಐದು ವಾರ. ಮೊದಲನೇ ವಾರ ನಿಜವಾಗ್ಲೂ ಕಲಿಸಿದ್ದೆ."

"ನನ್ನ ಮದುವೆ ಕಣೇ ಇದು! ನಾನೇನ್ಮಾಡಿದ್ದೆ ನಿಂಗೆ?"

"ನೀನೇನೂ ಮಾಡಿಲ್ಲ. ನಿಮ್ಮಮ್ಮನ ಹತ್ರ ಹೋಗೋಕೆ ನಿನ್ನ ಬಾಯಿ ಬಿಟ್ರೆ ನಂಗೆ ದಾರಿ ಇರ್ಲಿಲ್ಲ."

ಮುನಾಚಿ ಕೈ ಎತ್ತಿ ಕೆನ್ನೆಗೆ ಬಾರಿಸಿದಳು. ಉಗ್ಬಾಲಾ ತಪ್ಪಿಸಿಕೊಳ್ಳಲಿಲ್ಲ. ಆ ಏಟು ತನಗೆ ಸಲ್ಲಬೇಕಾದದ್ದೇ ಎಂದುಕೊಂಡಳು. ಹುಡುಗಿ ನಾಲ್ಕು ಹೆಜ್ಜೆ ಹೋಗಿ ನಿಂತಳು.

"ಮೆಣಸಿಂದು... ನಿಜಾನಾ?"

"ಮನೇಲಿ ಕೇಳು."

ಮದುವೆಯೇನೂ ನಿಲ್ಲಲಿಲ್ಲ. ಹುಡುಗ ಒಳ್ಳೆಯವನು, ಹೆಂಡ ಕುಡಿದಾಗಿತ್ತು, ಮಾತು ಕೊಟ್ಟಾಗಿತ್ತು. ಮುನಾಚಿ ತರಗತಿಗೆ ಮತ್ತೆ ಬರಲಿಲ್ಲ. ಮಝಿ ಅನೊಸಿಕೆ ವಿಷಯ ತಿಳಿದು ಉಗ್ಬಾಲಾಳನ್ನು ಬಾಗಿಲಲ್ಲೇ ನಿಲ್ಲಿಸಿ, "ಪಾಠವನ್ನ ಚಾಕು ಮಾಡಿದೋಳಿಗೆ ನನ್ನಲ್ಲಿ ಬೆಂಚಿಲ್ಲ" ಎಂದರು. ಅವಳು ಪುಸ್ತಕ ಎದೆಗವಚಿಕೊಂಡು ಅಂಗಡಿಗೆ ನಡೆದಳು. ಮೇಷ್ಟ್ರ ಮಾತು ನೋಯಿಸಿತು. ಹುಡುಗಿಯ ಕಲಸಿದ ಮುಖ ಆಗಾಗ ಕಣ್ಣಮುಂದೆ ಬಂದು ಸೂಜಿ ದಾರ ತಪ್ಪಿಸುತ್ತಿತ್ತು. ಮೇಡಂ ಬಗ್ಗೆ ಮಾತ್ರ ಮನಸ್ಸು ಎಲ್ಲೂ ಮೆತ್ತಗಾಗಲಿಲ್ಲ. ಕನಿಕರವಿದೆಯೇ ಎಂದು ಹುಡುಕಿ ನೋಡಿದಳು, ಇರಲಿಲ್ಲ.

ತಿಂಗಳ ಮೇಲೆ ಮೊರೆನಿಕೆ ಏದುಸಿರು ಬಿಡುತ್ತಾ ಅಂಗಡಿಗೆ ಬಂದಳು. ಲಾಗೋಸಿನ ಓವೆರಿ ಹೆಂಗಸರ ಸಂಘಕ್ಕೆ ಮೇಡಂ ಒಪಾರಾ ಹದಿನಾಲ್ಕು ವರ್ಷದಿಂದ ಅಧ್ಯಕ್ಷೆ. ಮೊರೆನಿಕೆಯ ಅತ್ತೆಯೂ ಅಲ್ಲಿ ಸದಸ್ಯೆ.

"ನಿನ್ನೆ ಸಭೇಲಿ ಏನಾಯ್ತು ಗೊತ್ತಾ? ಅವಳು ಒಳಗೆ ಬಂದಳು, ಹಿಂದಿನ ಸಾಲಿಂದ ಯಾರೋ 'ನ್ನೆ ಒರು, ಬನ್ನಿ ಬನ್ನಿ' ಅಂದ್ರು. ಗುಲಾಮರ ತಾಯಿ! ಎಲ್ಲಾ ಹೊಟ್ಟೆ ಹಿಡ್ಕೊಂಡು ನಕ್ಕರಂತೆ. ಬ್ಯಾಗ್ ಎತ್ಕೊಂಡು ಹೋದೋಳು ರಾಜೀನಾಮೆ ಕಳಿಸಿದ್ದಾಳೆ. ಮಕ್ಕಳೂ ಬೀದೀಲಿ ಹಾಗೇ ಕರೀತಾರಂತೆ."

ಉಗ್ಬಾಲಾ ಮೆಷಿನ್ನಿನಿಂದ ಕಾಲು ತೆಗೆದಳು. ಬಾಗಿಲ ಕಡೆಯ ಸ್ಟೂಲನ್ನು ತನ್ನ ಹತ್ತಿರಕ್ಕೆ ಎಳೆದಳು.

"ಇಲ್ಲಿ ಕೂತ್ಕೊ" ಎಂದಳು. "ಮೊದಲಿಂದ ಹೇಳು. ನಿಧಾನಕ್ಕೆ."